ಗರ್ನ್‌ವಿಲ್: ಸಲಿಂಗಿಗಳು ಮತ್ತೆ ಕಟ್ಟಿದ ನದೀತೀರದ ವಿಹಾರಧಾಮ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಿಂದ ಉತ್ತರಕ್ಕೆ ಸುಮಾರು 120 ಕಿ.ಮೀ. ದೂರದಲ್ಲಿ, ಕ್ಯಾಲಿಫೋರ್ನಿಯಾ ರಾಜ್ಯದ ಸೊನೋಮಾ ಕೌಂಟಿಯಲ್ಲಿ ಗರ್ನ್‌ವಿಲ್ ಎಂಬ ಪುಟ್ಟ ಊರಿದೆ. ಇಲ್ಲಿನ ಜನಸಂಖ್ಯೆ ನಾಲ್ಕೂವರೆ ಸಾವಿರದ ಆಸುಪಾಸು. ಒಂದು ಬದಿಯಲ್ಲಿ ಮುಗಿಲು ಮುಟ್ಟುವ ರೆಡ್‌ವುಡ್ ಮರಗಳು, ಇನ್ನೊಂದು ಬದಿಯಲ್ಲಿ ರಷ್ಯನ್ ನದಿ. ಈ ಊರು ನಾಲ್ಕು ದಶಕಗಳಿಗೂ ಮೀರಿ ಸಲಿಂಗಿಗಳ ಅಚ್ಚುಮೆಚ್ಚಿನ ವಿಹಾರಧಾಮವಾಗಿದೆ. ಅಮೆರಿಕದಲ್ಲಿ ಇಂತಹ ಹೆಸರು ಪಡೆದ ಪ್ರಾವಿನ್ಸ್‌ಟೌನ್, ಫೈರ್ ಐಲ್ಯಾಂಡ್‌ಗಳು ಕಡಲ ತೀರದವು. ಗರ್ನ್‌ವಿಲ್ ಮಾತ್ರ ನದಿಯನ್ನೇ ನೆಚ್ಚಿ ಬೆಳೆದ ಊರು.

ಹೆಸರಿನ ಹಿನ್ನೆಲೆ

ಮೆಂಡೊಸಿನೊ ಕೌಂಟಿಯಲ್ಲಿ ಹುಟ್ಟುವ ಈ ನದಿ ಸುಮಾರು 177 ಕಿ.ಮೀ. ಹರಿದು, ಜೆನ್ನರ್ ಎಂಬಲ್ಲಿ ಪೆಸಿಫಿಕ್ ಸಾಗರವನ್ನು ಸೇರುತ್ತದೆ. ಇದರ ದಡಗಳಲ್ಲಿ ಮೊದಲು ನೆಲೆಸಿದ್ದವರು ಪೋಮೊ ಮುಂತಾದ ಮೂಲನಿವಾಸಿಗಳು. ಸಮೀಪದ ಕರಾವಳಿಯಲ್ಲಿ 1812ರಲ್ಲಿ ಫೋರ್ಟ್ ರಾಸ್ ಕೋಟೆಯನ್ನು ಕಟ್ಟಿದ ರಷ್ಯನ್ನರು ನದಿಯನ್ನು 'ಸ್ಲಾವ್ಯಾಂಕಾ' ಎಂದು ಕರೆದಿದ್ದರು. 1841ರಲ್ಲಿ ಅವರು ಕೋಟೆಯನ್ನು ಮಾರಿ ಹೊರಟುಹೋದರೂ ನದಿಗೆ ಅವರ ಹೆಸರೇ ಉಳಿಯಿತು.

19ನೇ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿಗೆ ಮರದ ವ್ಯಾಪಾರಿಗಳು ಬಂದರು. ಸಾಮಿಲ್ ನಡೆಸುತ್ತಿದ್ದ ಜಾರ್ಜ್ ಗರ್ನ್ ಅವರಿಂದ ಊರಿಗೆ ಈಗಿನ ಹೆಸರು ಬಂದಿತು. ಕಡಿದ ಮರಗಳ ಬೊಡ್ಡೆಗಳೇ ಎಲ್ಲೆಡೆ ಕಾಣುತ್ತಿದ್ದುದರಿಂದ 'ಸ್ಟಂಪ್‌ಟೌನ್', ಅಂದರೆ ಬೊಡ್ಡೆಗಳ ಊರು, ಎಂಬ ಅಡ್ಡಹೆಸರೂ ಅಂಟಿಕೊಂಡಿತು. ಕೊಡಲಿಯಿಂದ ಉಳಿದ ಒಂದು ಭಾಗವೇ ಇಂದಿನ ಆರ್ಮ್‌ಸ್ಟ್ರಾಂಗ್ ರೆಡ್‌ವುಡ್ಸ್ ಉದ್ಯಾನ. 1917ರಲ್ಲಿ ಕೌಂಟಿಯು ಇದನ್ನು ಖರೀದಿಸಿತು. 1,400 ವರ್ಷ ವಯಸ್ಸಾಗಿದೆಯೆಂದು ಅಂದಾಜಿಸಲಾದ ಮರವೂ, 310 ಅಡಿ ಎತ್ತರದ ಮರವೂ ಇಲ್ಲಿವೆ.

ಏಳು-ಬೀಳು

1870ರ ದಶಕದಲ್ಲಿ ಮರ ಸಾಗಿಸಲೆಂದು ಬಂದ ರೈಲು, ಕಾಡು ಕರಗಿದ ಮೇಲೆ ಪ್ರವಾಸಿಗರನ್ನು ಹೊತ್ತು ತರತೊಡಗಿತು. 20ನೇ ಶತಮಾನದ ಪೂರ್ವಾರ್ಧದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕುಟುಂಬಗಳು ಬೇಸಿಗೆ ಕಳೆಯಲು ಇಲ್ಲಿನ ಕುಟೀರಗಳಿಗೆ ಬರುತ್ತಿದ್ದವು. ಹಗಲು ನದಿಸ್ನಾನ, ರಾತ್ರಿ ವಾದ್ಯಗೋಷ್ಠಿ ಮತ್ತು ನೃತ್ಯ. ಆದರೆ ಕಾರು ಮತ್ತು ಹೆದ್ದಾರಿಗಳು ಜನರನ್ನು ಇನ್ನೂ ದೂರದ ತಾಣಗಳಿಗೆ ಕೊಂಡೊಯ್ದಾಗ ಗರ್ನ್‌ವಿಲ್ ಮಂಕಾಯಿತು. ಹಳೆಯ ವಸತಿಗೃಹಗಳು ಪಾಳುಬೀಳತೊಡಗಿದವು.

ಈ ಕುಸಿತವೇ ಹೊಸಬರಿಗೆ ಬಾಗಿಲು ತೆರೆಯಿತು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯುವ ಕಾನೂನಿಗೆ ಕ್ಯಾಲಿಫೋರ್ನಿಯಾ 1975ರಲ್ಲಿ ಒಪ್ಪಿಗೆ ನೀಡಿತ್ತು. ಆದರೂ ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಜೋಡಿಯಾಗಿ ಬಂದು ಕೊಠಡಿ ಕೇಳಿದರೆ ಮುಖ ಸಿಂಡರಿಸದ ಹೋಟೆಲುಗಳು ವಿರಳವಾಗಿದ್ದವು. 1978ರಲ್ಲಿ ಪೀಟರ್ ಪೆಂಡರ್ ಎಂಬುವವರು 'ಫೈಫ್ಸ್' ಎಂಬ ಹಳೆಯ ವಿಹಾರಧಾಮವನ್ನು ಸಲಿಂಗಿಗಳಿಗಾಗಿಯೇ ತೆರೆದರು. ಇವರು ಇಸ್ಪೀಟಿನ ಬ್ರಿಜ್ ಆಟದಲ್ಲಿ 1985ರ ವಿಶ್ವಚಾಂಪಿಯನ್ ಅಮೆರಿಕ ತಂಡದ ಸದಸ್ಯರೂ ಹೌದು. ಇತರ ವಸತಿಗೃಹಗಳು, ಬಾರುಗಳು, ಅಂಗಡಿಗಳು ಇದನ್ನೇ ಅನುಸರಿಸಿದವು. ಪಾಳುಬಿದ್ದ ಕಟ್ಟಡಗಳು ದುರಸ್ತಿಗೊಂಡವು, ಊರಿನಲ್ಲಿ ಮತ್ತೆ ದುಡಿಮೆ ಹುಟ್ಟಿತು.

ಎರಡು ಆಘಾತ

ಈ ಸಂಭ್ರಮ ಬಹುಕಾಲ ಬಾಳಲಿಲ್ಲ. 1981ರಲ್ಲಿ ಮೊದಲು ವರದಿಯಾದ ಏಡ್ಸ್, ಇಲ್ಲಿಗೆ ಬರುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೊದ ಸಮುದಾಯವನ್ನೇ ಕಾಡಿತು. 1986ರ ಫೆಬ್ರವರಿಯಲ್ಲಿ ನದಿ ಉಕ್ಕಿ 48 ಅಡಿಗೂ ಮೀರಿ ಹರಿಯಿತು. ಇಲ್ಲಿ ಪ್ರವಾಹದ ಮಟ್ಟ 32 ಅಡಿ. 1995ರಲ್ಲಿ ಮತ್ತೆ ಅಂತಹುದೇ ನೆರೆ ಬಂದಿತು. ತರುವಾಯ ಸರ್ಕಾರದ ನೆರವಿನಿಂದ ಹಲವು ಮನೆಗಳನ್ನು ಕಂಬಗಳ ಮೇಲೆ ಎತ್ತರಿಸಲಾಯಿತು. 2019ರ ಫೆಬ್ರವರಿ 27ರಂದು ನೀರು 45 ಅಡಿ ದಾಟಿ, ರಸ್ತೆ ಸಂಪರ್ಕ ಕಡಿದು ಊರು ದ್ವೀಪದಂತಾಗಿತ್ತು. 2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹೊತ್ತಿಕೊಂಡ ಕಾಳ್ಗಿಚ್ಚು ಆರ್ಮ್‌ಸ್ಟ್ರಾಂಗ್ ಉದ್ಯಾನಕ್ಕೂ ನುಗ್ಗಿ, ನಿವಾಸಿಗಳು ಊರು ತೊರೆಯಬೇಕಾಯಿತು. ದಪ್ಪ ತೊಗಟೆಯ ಹಿರಿಯ ಮರಗಳು ಬಹುಮಟ್ಟಿಗೆ ಉಳಿದುಕೊಂಡವು.

ಇಂದಿನ ಆಕರ್ಷಣೆ

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಜನಸಂದಣಿ ಹೆಚ್ಚು. ಊರಿನ ಮಗ್ಗುಲಲ್ಲೇ ಇರುವ ಜಾನ್ಸನ್ಸ್ ಬೀಚ್‌ನಲ್ಲಿ ಈಜು ಮತ್ತು ದೋಣಿವಿಹಾರಕ್ಕೆ ಅವಕಾಶವಿದೆ. ಸುತ್ತಮುತ್ತ ದ್ರಾಕ್ಷಿತೋಟಗಳೂ, 1882ರಲ್ಲಿ ಸ್ಥಾಪನೆಯಾದ ಕೊರ್ಬೆಲ್ ವೈನ್ ತಯಾರಿಕಾ ಘಟಕವೂ ಇವೆ. 1990ರ ದಶಕದಲ್ಲಿ ಆರಂಭವಾದ 'ಲೇಜಿ ಬೇರ್' ಎಂಬ ಸಲಿಂಗಿ ಪುರುಷರ ಬೇಸಿಗೆ ಸಮಾವೇಶ ಸೇವಾಕಾರ್ಯಗಳಿಗೆ ನಿಧಿ ಕೂಡಿಸುವುದಕ್ಕೂ ಹೆಸರಾಗಿದೆ. ಫೈಫ್ಸ್ ಕೈಬದಲಾಗಿ 'ಡಾನ್ ರ‍್ಯಾಂಚ್' ಎಂಬ ಹೊಸ ಹೆಸರು ಪಡೆದಿದೆ. ಈಗ ಮಕ್ಕಳೊಂದಿಗೆ ಬರುವ ಕುಟುಂಬಗಳೂ, ಸಲಿಂಗಿ ಜೋಡಿಗಳೂ ಒಂದೇ ದಂಡೆಯಲ್ಲಿ ಬಿಸಿಲು ಕಾಯಿಸುವುದು ಸಾಮಾನ್ಯ ನೋಟ.

2015ರಲ್ಲಿ ಅಮೆರಿಕದಾದ್ಯಂತ ಸಲಿಂಗ ವಿವಾಹಕ್ಕೆ ಮಾನ್ಯತೆ ದೊರೆತಿದೆ. ಹಾಗಾದರೆ ಪ್ರತ್ಯೇಕ ತಾಣದ ಅಗತ್ಯವೇನು ಎಂಬ ಪ್ರಶ್ನೆ ಸಹಜ. ಇದಕ್ಕೆ ಗರ್ನ್‌ವಿಲ್‌ನ ಇತಿಹಾಸದಲ್ಲೇ ಉತ್ತರವಿದೆ. ಕಾನೂನು ಶಿಕ್ಷೆಯ ಭಯವನ್ನು ತೆಗೆಯಬಹುದು. ಕೈಹಿಡಿದು ನಡೆಯುವಾಗ ಸುತ್ತ ನೋಡಬೇಕೆಂಬ ಅಳುಕನ್ನು ನೆರೆಹೊರೆಯವರು ಮಾತ್ರ ತೆಗೆಯಬಲ್ಲರು. ಭಾರತದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಂಬಂಧವನ್ನು 377ನೇ ಕಲಮಿನ ಹಿಡಿತದಿಂದ ಬಿಡಿಸಿತು. 2023ರಲ್ಲಿ ಅದೇ ನ್ಯಾಯಾಲಯ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿತು. ನೆಮ್ಮದಿಯಿಂದ ನಾಲ್ಕು ದಿನ ಕಳೆಯುವ ಊರಿನ ಹುಡುಕಾಟ ಇಲ್ಲಿನ ಜೋಡಿಗಳಿಗೂ ಹೊಸದೇನಲ್ಲ. ಕಾನೂನು ಬದಲಾದ ಮೂರೇ ವರ್ಷಗಳಲ್ಲಿ ಅಂತಹ ನೆಲೆಯೊಂದು ಗರ್ನ್‌ವಿಲ್‌ನಲ್ಲಿ ರೂಪುಗೊಂಡದ್ದು ಗಮನಾರ್ಹ.