ಹೊಲಗಳ ನಡುವಿನ ವಿಮಾನ ಠಾಣ್ಯ

ಇತಿಹಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣಮುಂದೆ ಅರಸರೂ ಕದನಗಳೂ ಇಸವಿಗಳೂ ಬಂದು ನಿಲ್ಲುತ್ತವೆ. ಕದನಕ್ಕೆ ಹೊರಟವನು ಹಿಂದಿನ ರಾತ್ರಿ ಎಲ್ಲಿ ಮಲಗಿದ್ದನು, ಹಿಂತಿರುಗದ ಗೆಳೆಯನ ಬರಿದಾದ ಹಾಸಿಗೆಯನ್ನು ಕಂಡು ಏನೆಂದುಕೊಂಡನು ಎಂಬುದು ಪಠ್ಯಪುಸ್ತಕದಲ್ಲಿ ದೊರೆಯದು. ಅದು ಅಲ್ಲಿದ್ದವರ ನೆನಪಿನಲ್ಲಿ ಮಾತ್ರ ಉಳಿದಿರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ತಂಗಿದ್ದ ಅಮೆರಿಕದ ವೈಮಾನಿಕರ ನೆನಪುಗಳು ಇದಕ್ಕೆ ಒಳ್ಳೆಯ ನಿದರ್ಶನವಾಗಿವೆ.

ಇಂಗ್ಲೆಂಡಿನ ಪೂರ್ವಭಾಗದ ನಾರ್ಫೋಕ್, ಸಫೋಕ್ ಪ್ರಾಂತಗಳು ಮೂಲತಃ ಒಕ್ಕಲುತನದ ಸೀಮೆ. ಗೋಧಿ, ಬಾರ್ಲಿ, ಸಕ್ಕರೆ ಬೀಟಿನ ಹೊಲಗಳು; ನಡುನಡುವೆ ಪುಟ್ಟ ಹಳ್ಳಿಗಳು, ಹಳೆಯ ಚರ್ಚುಗಳು. ನೆಲ ಸಮತಟ್ಟಾಗಿದ್ದುದರಿಂದಲೂ ಜರ್ಮನಿಗೆ ಸಮೀಪವಾಗಿದ್ದುದರಿಂದಲೂ 1942ರಿಂದ ಅಮೆರಿಕದ ಎಂಟನೆಯ ವಾಯುಸೇನೆ ಇಲ್ಲಿ ಬೀಡುಬಿಟ್ಟಿತು. ಉಳುವ ನೆಲದ ಮೇಲೆ ಕಾಂಕ್ರೀಟು ಹರಡಿತು. ಒಂದೊಂದು ಠಾಣ್ಯದಲ್ಲಿ ಸುಮಾರು 2,000 ಗಜ ಉದ್ದದ ಮುಖ್ಯ ಓಡುದಾರಿ, ಅದನ್ನು ಅಡ್ಡಹಾಯುವ ಇನ್ನೆರಡು ದಾರಿಗಳು. ಕೆಲವೇ ನೂರು ಜನರಿದ್ದ ಹಳ್ಳಿಯ ಪಕ್ಕದಲ್ಲಿ ಸುಮಾರು 3,000 ಮಂದಿ ಪರದೇಶದ ಸೈನಿಕರು ಬಂದಿಳಿದರು.

ಈ ಠಾಣ್ಯಗಳನ್ನು ಕಟ್ಟಿದವರನ್ನೂ ನೆನೆಯಬೇಕು. ಸಫೋಕಿನ ಐ ಎಂಬ ಊರಿನ ಠಾಣ್ಯವನ್ನು ಕಟ್ಟಿದವರು ಅಮೆರಿಕದ ಕಪ್ಪು ಜನಾಂಗದ ಸೈನಿಕರು. ಆ ಕಾಲದ ಅಮೆರಿಕದ ಸೈನ್ಯದಲ್ಲಿ ಕರಿಯರ ದಳಗಳು ಬೇರೆ, ಬಿಳಿಯರ ದಳಗಳು ಬೇರೆ. ಈ ಭೇದವನ್ನು ತೊಡೆಯುವ ಆಜ್ಞೆಯನ್ನು ಅಧ್ಯಕ್ಷ ಟ್ರೂಮನ್ನರು ಹೊರಡಿಸಿದುದು 1948ರಲ್ಲಿ. ಹಾರಿದವರ ನೆನಪುಗಳು ಗ್ರಂಥಗಳಾದವು. ಮಣ್ಣು ಅಗೆದು ಕಾಂಕ್ರೀಟು ಸುರಿದವರ ನೆನಪುಗಳಿಗೆ ಅಷ್ಟು ಕಿವಿಗಳು ದೊರೆಯಲಿಲ್ಲ. ಯಾರನ್ನು ಕೇಳುತ್ತೇವೆ ಎಂಬುದರ ಮೇಲೆಯೇ ಯಾವ ಇತಿಹಾಸ ಉಳಿಯುತ್ತದೆ ಎಂಬುದು ನಿಂತಿದೆ.

ನಾರ್ಫೋಕಿನ ಥಾರ್ಪ್ ಆಬಟ್ಸ್ ಎಂಬ ಹಳ್ಳಿಗೆ 1943ರ ಜೂನಿನಲ್ಲಿ ನೂರನೆಯ ಬಾಂಬರ್ ದಳ ಬಂದಿತು. ಅವರದು ನಾಲ್ಕು ಎಂಜಿನ್ನುಗಳ, ಹತ್ತು ಮಂದಿ ಏರುವ ‘ಹಾರುವ ಕೋಟೆ’ ವಿಮಾನಗಳು. ಇಂತಹ ಠಾಣ್ಯಗಳಲ್ಲಿದ್ದ ಮುದಿ ಸೈನಿಕರನ್ನು ಕೇಳಿದಾಗ ಅವರ ಬಾಯಿಂದ ಮೊದಲು ಬರುತ್ತಿದ್ದುದು ಶೌರ್ಯದ ಮಾತಲ್ಲ. ಕೆಸರಿನ ಮಾತು, ಚಳಿಯ ಮಾತು. ಕಮಾನಿನಾಕಾರದ ತಗಡಿನ ಗುಡಿಸಲು, ಅದರ ನಡುವೆ ಸಾಕಷ್ಟು ಕಾವು ಕೊಡದ ಒಂದು ಪುಟ್ಟ ಒಲೆ, ಒಲೆಗೆ ಅಳೆದು ಕೊಡುತ್ತಿದ್ದ ಇಂಧನ. ಊಟದ ಮನೆಗೂ ವಿಮಾನದ ತಾಣಕ್ಕೂ ದೂರವಾದುದರಿಂದ ಬಹುಮಂದಿ ಸೈಕಲ್ಲುಗಳನ್ನು ಕೊಂಡರು. ಬೆಳಗಾಗುವ ಮೊದಲೇ ಎಬ್ಬಿಸಿ, ಗೋಡೆಯ ಭೂಪಟದ ಮೇಲಿನ ಪರದೆ ಸರಿಸಿ, ಅಂದು ಹೋಗಬೇಕಾದ ಊರನ್ನು ತೋರಿಸುತ್ತಿದ್ದರು. ಆ ಪರದೆ ಸರಿಯುವ ಗಳಿಗೆಯನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

ನೆಲದ ಮೇಲೆ ಉಳಿದ ಮೆಕ್ಯಾನಿಕರ ನೆನಪು ಇನ್ನೊಂದು ಬಗೆಯದು. ವಿಮಾನಗಳನ್ನು ರಾತ್ರಿಯೆಲ್ಲ ಬಯಲಿನಲ್ಲಿ ದುರಸ್ತಿ ಮಾಡಿ, ಬೆಳಗ್ಗೆ ಕಳುಹಿಸಿ, ಮಧ್ಯಾಹ್ನ ಆಕಾಶವನ್ನು ನೋಡುತ್ತ ನಿಲ್ಲುವುದು ಅವರ ಪಾಲಿನ ಯುದ್ಧ. ಮರಳಿದವುಗಳನ್ನು ಒಂದು, ಎರಡು ಎಂದು ಎಣಿಸುತ್ತಿದ್ದರು. 1943ರ ಅಕ್ಟೋಬರ್ 10ರಂದು ಜರ್ಮನಿಯ ಮ್ಯೂನ್‌ಸ್ಟರ್ ಪಟ್ಟಣದ ಮೇಲಿನ ದಾಳಿಯಲ್ಲಿ ನೂರನೆಯ ದಳದ 13 ವಿಮಾನಗಳಲ್ಲಿ 12 ಹಿಂತಿರುಗಲಿಲ್ಲ. ರಾಬರ್ಟ್ ರೋಸೆಂಥಾಲರು ನಡೆಸುತ್ತಿದ್ದ ಒಂದೇ ಒಂದು ವಿಮಾನ, ಎರಡು ಎಂಜಿನ್ನುಗಳು ಕೆಟ್ಟ ಸ್ಥಿತಿಯಲ್ಲಿ, ಠಾಣ್ಯವನ್ನು ಮುಟ್ಟಿತು. ದಫ್ತರದಲ್ಲಿ ಇದು ಒಂದು ಸಾಲು. ಅಂದು ಎಣಿಸುತ್ತ ನಿಂತವರಿಗೆ ಅದು ಒಂದು ಆಯುಷ್ಯದ ಭಾರ.

ಹಳ್ಳಿಯವರ ನೆನಪೂ ಇದರೊಡನೆ ಹೆಣೆದುಕೊಂಡಿದೆ. 1942ರ ಜುಲೈಯಿಂದ ಬ್ರಿಟನ್ನಿನಲ್ಲಿ ಮಿಠಾಯಿಗೂ ರೇಷನ್ನು ಬಂದಿತ್ತು. ಆದುದರಿಂದ ಜೇಬಿನಲ್ಲಿ ಚ್ಯೂಯಿಂಗ್ ಗಮ್ಮು, ಚಾಕೊಲೇಟು ಇಟ್ಟುಕೊಂಡ ಸೈನಿಕರ ಬೆನ್ನನ್ನು ಮಕ್ಕಳು ಬಿಡುತ್ತಿರಲಿಲ್ಲ. ಕ್ರಿಸ್ಮಸ್ಸಿಗೆ ಸೈನಿಕರೇ ಮಕ್ಕಳನ್ನು ಠಾಣ್ಯಕ್ಕೆ ಕರೆದು ಔತಣ ಮಾಡಿದರು. ಮರುವಾರ ಆ ಮಕ್ಕಳು ಕೆಲವರನ್ನು ಹುಡುಕಿದರೆ ಅವರು ಇರುತ್ತಿರಲಿಲ್ಲ. ಎಂಟನೆಯ ವಾಯುಸೇನೆಯಲ್ಲಿ ಮಡಿದವರು 26,000ಕ್ಕೂ ಹೆಚ್ಚು.

ನೆನಪನ್ನು ಹಾಗೆಯೇ ಇತಿಹಾಸವೆಂದು ಒಪ್ಪಬಹುದೇ? ಕೂಡದು. ಐವತ್ತು ವರ್ಷಗಳ ಮೇಲೆ ಹೇಳುವವನು ಎರಡು ದಾಳಿಗಳನ್ನು ಒಂದಾಗಿಸಬಹುದು, ದಿನಾಂಕ ತಪ್ಪಬಹುದು, ಇತರರಿಂದ ಕೇಳಿದುದನ್ನು ಕಂಡುದೆಂದು ನಂಬಬಹುದು. ಅದನ್ನು ದಳದ ದಿನಚರಿಯೊಡನೆ ಒರೆಹಚ್ಚಬೇಕು. ಹಾಗೆಯೇ ದಿನಚರಿ ಮೌನವಾಗಿರುವಲ್ಲಿ ನೆನಪು ಮಾತಾಡಬೇಕು. ನೂರನೆಯ ದಳದ ಮಾರ್ಗದರ್ಶಿಯಾಗಿದ್ದು ಮುಂದೆ ಇಂಗ್ಲಿಷ್ ಪ್ರಾಧ್ಯಾಪಕರಾದ ಹ್ಯಾರಿ ಕ್ರಾಸ್ಬಿಯವರು ತಮ್ಮ ಸ್ಮೃತಿಗ್ರಂಥವನ್ನು ಪ್ರಕಟಿಸಿದುದು 1993ರಲ್ಲಿ, ಯುದ್ಧ ಮುಗಿದು ನಲವತ್ತೆಂಟು ವರ್ಷಗಳ ಅನಂತರ. ಕೆಲವು ನೆನಪುಗಳು ಮಾತಾಗಲು ಅಷ್ಟು ಕಾಲ ಬೇಕಾಗುತ್ತದೆ.

1945ರ ಅನಂತರ ಠಾಣ್ಯಗಳು ಬರಿದಾದವು. ಬಹುಪಾಲು ನೆಲ ಮತ್ತೆ ನೇಗಿಲಿಗೆ ಬಂದಿತು. ಥಾರ್ಪ್ ಆಬಟ್ಸಿನ ನಿಯಂತ್ರಣ ಗೋಪುರ ಪಾಳುಬಿದ್ದಿತ್ತು. ಸುತ್ತಲಿನ ಊರವರೇ ಸೇರಿ ದುರಸ್ತಿ ಮಾಡಿ 1981ರಲ್ಲಿ ಅದನ್ನು ವಸ್ತುಸಂಗ್ರಹಾಲಯವಾಗಿ ತೆರೆದರು. ತಲೆ ನರೆತ ಸೈನಿಕರು ಕಡಲು ದಾಟಿ ಬಂದು ಅದೇ ಗೋಪುರದ ಮೇಲೆ ನಿಂತರು. ನಾರಿಚ್ ಪಟ್ಟಣದ ಸ್ಮಾರಕವೊಂದು ಅಧ್ಯಾಪಕರಾದ ನಮಗೆ ಇನ್ನೂ ಮೆಚ್ಚುಗೆಯಾಗುವಂತಹುದು. ಆ ಸೀಮೆಯಲ್ಲಿದ್ದ ಎರಡನೆಯ ವಾಯುವಿಭಾಗದ ಸೈನಿಕರು, ಸುಮಾರು 7,000 ಮಂದಿ ಮಡಿದ ತಮ್ಮ ಸಂಗಾತಿಗಳ ಹೆಸರಿನಲ್ಲಿ 1945ರಲ್ಲೇ ಹಣ ಕೂಡಿಸಿದರು. ಅದರಿಂದ ಎದ್ದುದು ಕಲ್ಲಿನ ಪ್ರತಿಮೆಯಲ್ಲ, ಗ್ರಂಥಾಲಯ. 1963ರಲ್ಲಿ ಅದು ತೆರೆಯಿತು. 1994ರಲ್ಲಿ ಬೆಂಕಿಗೆ ಆಹುತಿಯಾಯಿತು. 2001ರಲ್ಲಿ ಮತ್ತೆ ಎದ್ದುನಿಂತಿತು.

ಆಗ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಬದುಕಿದ್ದರೆ ನೂರನ್ನು ದಾಟಿರುತ್ತಾರೆ. ಕಾಗದವನ್ನು ಮತ್ತೆ ಓದಬಹುದು. ಹೋದವರನ್ನು ಮತ್ತೆ ಕೇಳಲಾಗದು. ನಮ್ಮ ಶಾಲೆಗಳ ಸುತ್ತಲಿನ ಊರುಗಳಲ್ಲಿಯೂ ದಂಡಿನಲ್ಲಿ ದುಡಿದು ಮರಳಿದ ಹಿರಿಯರಿದ್ದಾರೆ. ಮೇಲಿನ ತರಗತಿಯ ಮಕ್ಕಳು ಬಿಡುವಿನ ದಿನ ಒಂದು ನೋಟುಪುಸ್ತಕ ಹಿಡಿದು ಅವರ ಜಗುಲಿಯಲ್ಲಿ ಕುಳಿತುಕೊಳ್ಳಲಿ. ಎಷ್ಟು ಶತ್ರುಗಳನ್ನು ಕೊಂದಿರಿ ಎಂದು ಕೇಳುವುದು ಬೇಡ. ಎಲ್ಲಿ ಮಲಗುತ್ತಿದ್ದಿರಿ, ಏನುಣ್ಣುತ್ತಿದ್ದಿರಿ, ಯಾರ ದಾರಿ ಕಾಯುತ್ತಿದ್ದಿರಿ ಎಂದು ಕೇಳಲಿ. ಉತ್ತರವನ್ನು ಹೇಳಿದಂತೆಯೇ ಬರೆದುಕೊಂಡು, ಕೆಳಗೆ ಆ ದಿನದ ತಾರೀಖನ್ನು ಹಾಕಲಿ.