ಕಿಡಿ ನಿಲ್ಲದ ಮಿಷನ್ನು

ಅರಸೀಕೆರೆಯಿಂದ ಕಡೂರಿನ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಬಾಣಾವರ ಸಿಗುತ್ತದೆ. ಅಲ್ಲಿಂದ ಜಾವಗಲ್ ಮೇಲೆ ಹಳೇಬೀಡಿಗೆ ದಾರಿ. ಸುತ್ತಲೂ ತೆಂಗಿನ ತೋಟ, ರಾಗಿ ಹೊಲ, ಬೋರ್‌ವೆಲ್ಲು. ಇಂಥ ಸೀಮೆಯಲ್ಲಿ ಇವತ್ತು ಕುಲುಮೆ ಹುಡುಕುವುದಕ್ಕಿಂತ ವೆಲ್ಡಿಂಗ್ ಶಾಪು ಹುಡುಕುವುದು ಸುಲಭ. ಶಾಪುಗಳ ಮಾತು ಹಾಗಿರಲಿ, ಎಷ್ಟೋ ಮನೆಗಳ ಪಕ್ಕದ ಶೀಟಿನ ಶೆಡ್ಡಿನಲ್ಲಿ, ಟ್ರ್ಯಾಕ್ಟರಿನ ನೆರಳಿನಲ್ಲಿ, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಒಂದು ವೆಲ್ಡಿಂಗ್ ಮಿಷನ್ನು ಇರುತ್ತದೆ. ಕಲ್ಟಿವೇಟರಿನ ಹಲ್ಲು ಮುರಿದರೆ, ಗೇಟಿನ ಕೀಲು ಕಳಚಿದರೆ, ಟ್ರೇಲರಿನ ಕೊಕ್ಕೆ ಬಿರುಕು ಬಿಟ್ಟರೆ ಅದನ್ನು ಹೊರಗೆಳೆಯುತ್ತಾರೆ.

ಹೀಗೆ ಅಗ್ಗಕ್ಕೆ ಕೊಂಡು ತಂದ ಮಿಷನ್ನಿಗೆ ಒಂದು ಸಾಮಾನ್ಯ ರೋಗವಿದೆ. ಮಾರಿದವನ ಅಂಗಡಿಯಲ್ಲಿ ಧಗಧಗ ಉರಿದದ್ದು ಮನೆಗೆ ಬಂದ ಮೇಲೆ ಉರಿಯುವುದಿಲ್ಲ. ರಾಡು ಕಬ್ಬಿಣಕ್ಕೆ ಅಂಟಿಕೊಂಡು ಕೂರುತ್ತದೆ, ಕಿಡಿ ಹಾರುತ್ತದೆ ಆದರೆ ನಿಲ್ಲುವುದಿಲ್ಲ, ಬೆಸುಗೆ ಹಾಕಿದ ಕಡೆ ಜೇನುಗೂಡಿನಂತೆ ತೂತು ಬೀಳುತ್ತದೆ. ಆಗ ಸಾಮಾನ್ಯವಾಗಿ ಬೈಗುಳ ಬೀಳುವುದು ಮಿಷನ್ನಿಗೆ, ಅದನ್ನು ಮಾರಿದವನಿಗೆ. ಆದರೆ ಈ ದೋಷಗಳಲ್ಲಿ ಒಂದೂ ಹೊಸದಲ್ಲ. ವಿದ್ಯುತ್ ಬೆಸುಗೆಯನ್ನು ಕಂಡುಹಿಡಿದವರೆಲ್ಲ ಇವೇ ದೋಷಗಳ ಜೊತೆ ಗುದ್ದಾಡಿದವರು. ಒಬ್ಬೊಬ್ಬರು ಒಂದೊಂದನ್ನು ಬಗೆಹರಿಸುತ್ತ ಬಂದುದೇ ಬೆಸುಗೆಯ ಇತಿಹಾಸ. ಶೆಡ್ಡಿನ ಮಿಷನ್ನು ಕೈಕೊಟ್ಟಿತು ಎಂದರೆ ನಾವು ಆ ಇತಿಹಾಸದ ಯಾವುದೋ ಒಂದು ಹಿಂದಿನ ವರ್ಷಕ್ಕೆ ಜಾರಿದ್ದೇವೆ ಎಂದರ್ಥ. ಯಾವ ವರ್ಷಕ್ಕೆ ಎಂಬುದು ಗೊತ್ತಾದರೆ ರಿಪೇರಿ ಅರ್ಧ ಮುಗಿದಂತೆ.

ಮೊದಲು ಕುಲುಮೆಯಿಂದಲೇ ಶುರುಮಾಡೋಣ. ಹಳೇಬೀಡಿನ ಶಿಲ್ಪಿಗಳು ಕಲ್ಲಿಗೆ ಕಲ್ಲನ್ನು ಕೂಡಿಸಿದ್ದು ಗಾರೆಯ ಹಂಗಿಲ್ಲದೆ, ಒಂದರೊಳಗೊಂದು ಕಚ್ಚಿಕೊಂಡು ಒಂದರ ಭಾರವನ್ನು ಇನ್ನೊಂದು ಹೊರುವ ಹಾಗೆ. ಎಳೆತಕ್ಕೂ ಪೆಟ್ಟಿಗೂ ಒಡ್ಡಿಕೊಳ್ಳುವ ಕಬ್ಬಿಣಕ್ಕೆ ಈ ಉಪಾಯ ಸಾಲದು. ಅದು ಒಂದಕ್ಕೊಂದು ಕರಗಿಯೋ ಬೆರೆತೋ ಒಂದಾಗಬೇಕು. ಆಯಗಾರರಲ್ಲಿ ಒಬ್ಬನಾಗಿ ಸುಗ್ಗಿಯಲ್ಲಿ ಕಾಳು ಪಡೆದು ಊರಿನ ಕೆಲಸ ಮಾಡುತ್ತಿದ್ದ ಕಮ್ಮಾರನಿಗೆ ಇದು ಗೊತ್ತಿತ್ತು. ಗಾಡಿಚಕ್ರದ ಕಬ್ಬಿಣದ ಪಟ್ಟಿಯ ಎರಡು ತುದಿಗಳನ್ನು ಬೆಸೆಯುವಾಗ ಅವನು ತಿದಿ ಒತ್ತಿ ಅವು ಬೆಳ್ಳಗೆ ಉರಿಯುವಷ್ಟು ಕಾಯಿಸುತ್ತಿದ್ದ. ಅದರ ಮೇಲೆ ಚಿಟಿಕೆ ಮರಳನ್ನೋ ಬಿಳಿಗಾರವನ್ನೋ ಉದುರಿಸಿ, ಅಡಿಗಲ್ಲಿನ ಮೇಲಿಟ್ಟು ಬಡಿಯುತ್ತಿದ್ದ. ಮರಳು ಏಕೆ? ಕಾದ ಕಬ್ಬಿಣ ಗಾಳಿಗೆ ಸಿಕ್ಕರೆ ಮೈಮೇಲೆ ಪೊರೆ ಕಟ್ಟುತ್ತದೆ, ಆ ಪೊರೆ ನಡುವೆ ಇದ್ದರೆ ಬೆಸುಗೆ ಕೂಡುವುದಿಲ್ಲ. ಮರಳು ಆ ಪೊರೆಯೊಂದಿಗೆ ಸೇರಿ ಕರಗಿ ಕಿಟ್ಟವಾಗುತ್ತದೆ, ಸುತ್ತಿಗೆಯ ಪೆಟ್ಟಿಗೆ ಹೊರಗೆ ಚಿಮ್ಮುತ್ತದೆ. ಸಾಕಷ್ಟು ಶಾಖ, ಶುದ್ಧವಾದ ಮೈ, ಗಾಳಿಯಿಂದ ರಕ್ಷಣೆ. ಬೆಸುಗೆಗೆ ಬೇಕಾದದ್ದು ಅಂದೂ ಇಷ್ಟೇ, ಇಂದೂ ಇಷ್ಟೇ.

1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರಕ್ಕೆ ರೈಲು ಹಳಿ ಹಾಕಲಾಯಿತು. ಬಾಣಾವರ ಆ ದಾರಿಯ ಒಂದು ನಿಲ್ದಾಣ. ಕಬ್ಬಿಣದ ಹಳಿ ಈ ಸೀಮೆಗೆ ಬಂದ ಅದೇ ದಶಕದಲ್ಲಿ, ರಷ್ಯಾ ಸಾಮ್ರಾಜ್ಯದ ನಿಕೊಲಾಯ್ ಬೆನಾರ್ಡೋಸ್ ಎಂಬಾತ ಇದ್ದಿಲಿನ ಕಡ್ಡಿಗೂ ಕಬ್ಬಿಣಕ್ಕೂ ನಡುವೆ ವಿದ್ಯುತ್ ಕಿಡಿ ಹೊತ್ತಿಸಿ ಲೋಹ ಕರಗಿಸುವುದನ್ನು ಸಾಧಿಸಿದ. ಸ್ಟಾನಿಸ್ಲಾವ್ ಓಲ್ಶೆವ್‌ಸ್ಕಿ ಜೊತೆಗೂಡಿ 1885ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ತನ್ನ ವಿಧಾನಕ್ಕೆ ಅವನಿಟ್ಟ ಹೆಸರು 'ಎಲೆಕ್ಟ್ರೋಗೆಫೆಸ್ಟ್'. ಹೆಫೆಸ್ಟಸ್ ಗ್ರೀಕರ ಕಮ್ಮಾರ ದೇವರು. ನಮ್ಮ ಕಮ್ಮಾರರು ಕುಲುಮೆಯ ಮುಂದೆ ಕಾಳಮ್ಮನನ್ನು ನೆನೆಯುವಂತೆ ಅವನೂ ತನ್ನ ದೇವರನ್ನು ನೆನೆದಿದ್ದ.

ಬೆನಾರ್ಡೋಸನ ಮೊದಲ ತೊಂದರೆ ಕರೆಂಟು. ಕಿಡಿ ಉರಿಯಲು ವೋಲ್ಟೇಜು ಹೆಚ್ಚು ಬೇಡ, 20ರಿಂದ 30 ವೋಲ್ಟು ಸಾಕು. ಆದರೆ ಕರೆಂಟು ಮಾತ್ರ ನೂರು ಆಂಪಿಯರಿನ ಆಸುಪಾಸು ಬೇಕು, ಅದೂ ಬೇಕೆಂದ ಕ್ಷಣಕ್ಕೆ. ಅಂದಿನ ಡೈನಮೋಗಳಿಗೆ ಈ ಹೊಡೆತ ತಾಳುವುದು ಕಷ್ಟವಾಗಿತ್ತು. ಅವನು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ, ಡೈನಮೋದಿಂದ ನಿಧಾನವಾಗಿ ತುಂಬಿಸಿ, ಬೇಕಾದಾಗ ಒಮ್ಮೆಲೇ ಹೀರಿಕೊಂಡ.

ಶೆಡ್ಡಿನ ಮಿಷನ್ನಿಗೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಮಿಷನ್ನಿನ ಒಳಗಿನ ಟ್ರಾನ್ಸ್‌ಫಾರ್ಮರ್ ತನಗೆ ಬಂದ ವೋಲ್ಟೇಜನ್ನು ಒಂದು ನಿಗದಿತ ಪ್ರಮಾಣದಲ್ಲಿ ತಗ್ಗಿಸಿ ಕೊಡುತ್ತದೆ. 230 ವೋಲ್ಟು ಬಂದಾಗ ರಾಡಿನ ತುದಿಯಲ್ಲಿ 60 ಕೊಡುವ ಮಿಷನ್ನು, 170 ಬಂದಾಗ ಬರೀ 44 ಕೊಡುತ್ತದೆ. ಅಷ್ಟರಲ್ಲಿ ಕಿಡಿ ಹತ್ತುವುದೇ ಕಷ್ಟ, ಹತ್ತಿದರೂ ನಿಲ್ಲುವುದಿಲ್ಲ. ತೋಟದ ಪಂಪುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ಹಳ್ಳಿಯ ಲೈನು ಹೀಗೆ ಕುಸಿಯುವುದು ಅಪರೂಪವಲ್ಲ. ಇನ್ನೊಂದು ಗುಟ್ಟಿದೆ. ಹಳೆಯ ಆಯಿಲ್ ತುಂಬಿದ ದೊಡ್ಡ ಮಿಷನ್ನುಗಳಲ್ಲಿ ಎಷ್ಟೋ ಎರಡು ಫೇಸಿನವು, 415 ವೋಲ್ಟಿಗೆ ಸುತ್ತಿದವು. ಗ್ಯಾರೇಜಿನಲ್ಲಿ ಉರಿದದ್ದು ಮನೆಯ ಒಂಟಿ ಫೇಸಿಗೆ ಹಾಕಿದರೆ ಸುಮಾರು ಅರ್ಧದಷ್ಟೇ ವೋಲ್ಟೇಜು ಕೊಡುತ್ತದೆ. ಮಿಷನ್ ಕೆಟ್ಟಿಲ್ಲ, ಅದಕ್ಕೆ ಊಟ ಅರ್ಧ ಸಿಕ್ಕಿದೆ. ಹಾಗಾಗಿ ಮೊದಲು ಅದರ ಮೈಮೇಲಿನ ತಗಡಿನ ಪಟ್ಟಿ ಓದಬೇಕು. ಆಮೇಲೆ ಕೆಲಸ ನಡೆಯುತ್ತಿರುವಾಗಲೇ ಬರುವ ವೋಲ್ಟೇಜನ್ನು ಅಳೆಸಬೇಕು, ಸುಮ್ಮನಿದ್ದಾಗಿನ ಅಳತೆ ಮೋಸ ಮಾಡುತ್ತದೆ. ಪ್ಲಗ್ಗು ಬಿಸಿಯಾಗುತ್ತಿದ್ದರೆ, ಲೈಟಿಗೆ ಎಳೆದ ತೆಳು ತಂತಿಯಿಂದಲೇ ಕರೆಂಟು ಬರುತ್ತಿದ್ದರೆ ದೋಷ ಅಲ್ಲಿದೆ. ಕರೆಂಟು ಸಾಲದೆಂದು ಕಂಬದ ಲೈನಿಗೆ ಕೊಕ್ಕೆ ಹಾಕುವುದು ಉಪಾಯವಲ್ಲ, ಜೀವ ತೆಗೆಯುವ ಕೆಲಸ.

ಕರ್ನಾಟಕದ ವಿದ್ಯುತ್ತಿನ ಕತೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಕ್ಕೆ, 1948ರಲ್ಲಿ ಜೋಗದ ವಿದ್ಯುದಾಗಾರ. ಹೆಮ್ಮೆ ಸರಿಯೇ. ಆದರೆ ಆ ತಂತಿ ಹಳ್ಳಿಯ ಕೊನೆಯ ಕಂಬಕ್ಕೆ ಬರುವ ಹೊತ್ತಿಗೆ ಎಷ್ಟು ವೋಲ್ಟು ಉಳಿದಿರುತ್ತದೆ ಎಂಬುದೂ ಅದೇ ಕತೆಯ ಭಾಗ. ಆ ಅಧ್ಯಾಯವನ್ನು ದಿನವೂ ಓದುವವನು ಶೆಡ್ಡಿನಲ್ಲಿ ರಾಡು ಹಿಡಿದವನು.

ಬೆನಾರ್ಡೋಸನ ನಂತರ ಬಂದವನು ನಿಕೊಲಾಯ್ ಸ್ಲಾವ್ಯಾನೊವ್. ಪೆರ್ಮ್ ಪ್ರಾಂತ್ಯದ ಫಿರಂಗಿ ಕಾರ್ಖಾನೆಯ ಎಂಜಿನಿಯರ್. 1888ರಲ್ಲಿ ಅವನು ಇದ್ದಿಲ ಕಡ್ಡಿಯನ್ನು ಬಿಟ್ಟು ಲೋಹದ ಕಡ್ಡಿಯನ್ನೇ ಹಿಡಿದ. ಕಡ್ಡಿ ತಾನೇ ಉರಿದು, ತಾನೇ ಕರಗಿ, ಬಿರುಕನ್ನು ತುಂಬಿತು. ಮುರಿದ ಯಂತ್ರಗಳ ಭಾಗಗಳನ್ನು ಎಸೆಯದೆ ಉಳಿಸಿಕೊಳ್ಳಲು ಅವನು ಇದನ್ನು ಬಳಸಿದ. ಈ ವಿಧಾನದಲ್ಲಿ ಕಬ್ಬಿಣದ ತುಂಡೇ ವಿದ್ಯುತ್ತಿನ ದಾರಿಯ ಒಂದು ಭಾಗ. ಮಿಷನ್ನಿನಿಂದ ಹೊರಟ ಕರೆಂಟು ಹೋಲ್ಡರು, ರಾಡು, ಕಿಡಿ, ಕೆಲಸದ ತುಂಡು, ಅರ್ಥ್ ಕ್ಲ್ಯಾಂಪು ಇವನ್ನೆಲ್ಲ ದಾಟಿ ಮಿಷನ್ನಿಗೆ ಮರಳಬೇಕು. ಎಲ್ಲಿ ತುಕ್ಕು, ಬಣ್ಣ, ಸಡಿಲು ಇದೆಯೋ ಅಲ್ಲಿ ಶಕ್ತಿ ಶಾಖವಾಗಿ ಸೋರುತ್ತದೆ. ಅಗ್ಗದ ಮಿಷನ್ನಿನ ಜೊತೆ ಬರುವ ತಗಡಿನ ಕ್ಲ್ಯಾಂಪು, ಬಟ್ಟೆ ಸುತ್ತಿದ ಕೇಬಲ್ ಗಂಟು, ಸುಟ್ಟು ಕರಕಲಾದ ಹೋಲ್ಡರಿನ ಬಾಯಿ, ಇವೇ ಇಂಥ ಜಾಗಗಳು. ಹತ್ತು ನಿಮಿಷ ಕೆಲಸ ಮಾಡಿ, ಸ್ವಿಚ್ ತೆಗೆದು ಪ್ಲಗ್ ಕಿತ್ತು, ಕೇಬಲ್ಲಿನ ಉದ್ದಕ್ಕೂ ಎಚ್ಚರದಿಂದ ಕೈ ಆಡಿಸಿದರೆ ಕೈಗೆ ಬಿಸಿ ತಾಗುವ ಜಾಗವೇ ದೋಷದ ಜಾಗ. ಅರ್ಥ್ ಹಿಡಿಸುವ ಕಡೆ ಲೋಹ ಹೊಳೆಯುವ ತನಕ ಉಜ್ಜಿದರೆ ಸತ್ತಿತು ಎಂದುಕೊಂಡ ಮಿಷನ್ನು ಎಷ್ಟೋ ಸಲ ಎದ್ದು ಕೂರುತ್ತದೆ.

ಸ್ಲಾವ್ಯಾನೊವನ ಬೋಳು ಕಡ್ಡಿಗೆ ಒಂದು ಕೊರತೆಯಿತ್ತು. ಕರಗಿದ ಲೋಹ ಗಾಳಿಗೆ ಸಿಕ್ಕಿ ಪೆಡಸಾಗುತ್ತಿತ್ತು, ತೂತು ಬೀಳುತ್ತಿತ್ತು. ಕಿಡಿಯೂ ಚಂಚಲ. ಅದನ್ನು ಬಗೆಹರಿಸಿದವನು ಸ್ವೀಡನ್ನಿನ ಆಸ್ಕರ್ ಕೆಲ್‌ಬೆರ್ಗ್. ಗೋಥೆನ್‌ಬರ್ಗಿನಲ್ಲಿ ಹಡಗುಗಳ ಬಾಯ್ಲರ್ ರಿಪೇರಿ ಅವನ ಕಸುಬು. ಕಬ್ಬಿಣದ ತಂತಿಗೆ ಖನಿಜಗಳ ಗಟ್ಟಿ ಸರಿಯನ್ನು ಬಳಿದು ಒಣಗಿಸಿ ರಾಡು ಮಾಡಿದ. 1904ರಲ್ಲಿ ಕಂಪನಿ ಕಟ್ಟಿದ. ಆ ಲೇಪ ಕಿಡಿಯಲ್ಲಿ ಉರಿದು ಹೊಗೆಯ ಹೊದಿಕೆಯಾಗುತ್ತದೆ, ಕರಗಿ ಕಿಟ್ಟವಾಗಿ ಬೆಸುಗೆಯ ಮೇಲೆ ಕೂರುತ್ತದೆ. ನಮ್ಮ ಕಮ್ಮಾರ ಉದುರಿಸುತ್ತಿದ್ದ ಚಿಟಿಕೆ ಮರಳು ಮಾಡುತ್ತಿದ್ದ ಕೆಲಸವೂ ಇದೇ. ಅವನು ಕೈಯಲ್ಲಿ ಉದುರಿಸಿದ್ದನ್ನು ಕೆಲ್‌ಬೆರ್ಗ್ ತಂತಿಗೆ ಬಳಿದ.

ಮಳೆಗಾಲದಲ್ಲಿ ಶೆಡ್ಡಿನ ಮೂಲೆಯಲ್ಲಿ ಬಾಯಿ ತೆರೆದು ಬಿದ್ದ ರಾಡಿನ ಪ್ಯಾಕೆಟ್ಟು ಆ ಲೇಪದಲ್ಲಿ ನೀರು ಹೀರುತ್ತದೆ. ಲೇಪ ಉದುರುತ್ತದೆ, ಕಿಡಿ ಚಟಪಟ ಎನ್ನುತ್ತದೆ, ಬೆಸುಗೆಯಲ್ಲಿ ತೂತು. ಅಂದರೆ ನಾವು 1904ರ ಹಿಂದಕ್ಕೆ ಹೋಗಿದ್ದೇವೆ. ಮಿಷನ್ನನ್ನು ಬಿಚ್ಚುವ ಮುಂಚೆ ಹೊಸ ಪ್ಯಾಕೆಟ್ಟಿನ ಒಂದು ಒಣ ರಾಡು ಹಚ್ಚಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಪ್ಯಾಕೆಟ್ಟಿನ ಮೇಲಿನ ಅಂಕಿಯನ್ನೂ ನೋಡಬೇಕು. 6013 ಎಂದಿದ್ದರೆ ಸಾಮಾನ್ಯ ಎಸಿ ಟ್ರಾನ್ಸ್‌ಫಾರ್ಮರಿನಲ್ಲೂ ಉರಿಯುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು ದಿಕ್ಕು ಬದಲಿಸುವಾಗ ಕಿಡಿ 100 ಸಲ ಆರಿ ಮತ್ತೆ ಹತ್ತಬೇಕು, ಆ ರಾಡಿನ ಲೇಪದಲ್ಲಿ ಅದಕ್ಕೆ ನೆರವಾಗುವ ವಸ್ತುಗಳಿವೆ. 7018 ಎಂದಿದ್ದರೆ ಸಣ್ಣ ಎಸಿ ಮಿಷನ್ನಿನಲ್ಲಿ ಅದು ನಿಲ್ಲದಿರುವುದು ಮಿಷನ್ನಿನ ತಪ್ಪಲ್ಲ.

ಈ ಮೂವರ ಕೆಲಸ ಜಗತ್ತಿನ ಕಣ್ಣಿಗೆ ದೊಡ್ಡದಾಗಿ ಬಿದ್ದದ್ದೂ ರಿಪೇರಿಯಿಂದಲೇ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಅದರ ಬಂದರುಗಳಲ್ಲಿದ್ದ ಜರ್ಮನ್ ಹಡಗುಗಳ ಯಂತ್ರಗಳನ್ನು ಜರ್ಮನ್ ನಾವಿಕರೇ ಒಡೆದು ಹಾಳುಮಾಡಿದ್ದರು. ಅವನ್ನು ವಿದ್ಯುತ್ ಬೆಸುಗೆಯಿಂದ ಸರಿಪಡಿಸಿ ಸಮುದ್ರಕ್ಕೆ ಇಳಿಸಲಾಯಿತು. 1920ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ರಿವೆಟ್ಟೇ ಇಲ್ಲದ 'ಫುಲಗರ್' ಎಂಬ ಹಡಗು ಸಿದ್ಧವಾಯಿತು. ಹರಕು ಹೊಲಿಯಲು ಹುಟ್ಟಿದ ವಿದ್ಯೆ ಹೊಸದನ್ನು ಕಟ್ಟುವ ವಿದ್ಯೆಯಾಯಿತು. ಇತ್ತ ಮೈಸೂರು ಸಂಸ್ಥಾನದಲ್ಲಿ 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿತು. ಬಾಬಾಬುಡನ್ ಗಿರಿಸಾಲಿನ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು. ಬಾಣಾವರ ದಾಟಿ ಬೀರೂರಿನಲ್ಲಿ ಕವಲೊಡೆಯುವ ರೈಲು ಹೋಗುವುದೇ ಅಲ್ಲಿಗೆ. ಸ್ವಾತಂತ್ರ್ಯದ ನಂತರ ರಾಡುಗಳೂ ಇಲ್ಲೇ ತಯಾರಾಗತೊಡಗಿದವು. 1951ರಲ್ಲಿ ಮುಂಬಯಿಯಲ್ಲಿ ಅಡ್ವಾಣಿ–ಓರ್ಲಿಕಾನ್ ಶುರುವಾಯಿತು. 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯಿಂದ ಐಟಿಐಗಳು ಬಂದವು, ವೆಲ್ಡರ್ ಎಂಬುದು ಜಾತಿಯಿಂದ ಬರದೆ ಸರ್ಟಿಫಿಕೇಟಿನಿಂದ ಬರುವ ಕಸುಬಾಯಿತು. ಇದು ಸಣ್ಣ ಬದಲಾವಣೆಯಲ್ಲ. ಕುಲುಮೆಯ ಬೆಂಕಿ ಒಂದು ಮನೆತನದ್ದಾಗಿತ್ತು. ವೆಲ್ಡಿಂಗ್ ಮಿಷನ್ನನ್ನು ಯಾರು ಬೇಕಾದರೂ ಕೊಳ್ಳಬಹುದು. ಆದರೆ ಮನೆತನದಲ್ಲಿ ತಂದೆ ಮಗನಿಗೆ ಹೇಳಿಕೊಡುತ್ತಿದ್ದ ಏಕೆ, ಹೇಗೆ ಎಂಬುದು ಮಿಷನ್ನಿನ ಜೊತೆ ಬರಲಿಲ್ಲ.

ಆ ಏಕೆ, ಹೇಗೆ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 1943ರ ಒಂದು ಘಟನೆ ಸಾಕು. ಆ ವರ್ಷ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 'ಸ್ಕೆನೆಕ್ಟಡಿ' ಎಂಬ ಹೊಸ ತೈಲ ಹಡಗು, ಅಲೆಯಿಲ್ಲದ ನೀರಿನಲ್ಲಿ ನಿಂತಲ್ಲೇ ನಡುವೆ ಸೀಳಿಹೋಯಿತು. ದೋಷವುಳ್ಳ ಬೆಸುಗೆ, ಚಳಿಗೆ ಪೆಡಸಾಗುವ ಉಕ್ಕು ಎರಡೂ ಸೇರಿದ್ದವು. ಮೇಲೆ ನಯವಾಗಿ ಕಾಣುವ ಬೆಸುಗೆ ಒಳಗೆ ಕೂಡಿರಲೇಬೇಕೆಂದಿಲ್ಲ. ವೋಲ್ಟೇಜು ಸಾಲದೆ, ರಾಡು ಹಸಿಯಾಗಿ ಹಾಕಿದ ಬೆಸುಗೆ ಕಬ್ಬಿಣದ ಮೇಲೆ ಮೇಣದಂತೆ ಕುಳಿತಿರುತ್ತದೆ. ಗೇಟಿಗಾದರೆ ನಡೆದೀತು. ಕಬ್ಬು, ಕಾಯಿ, ಕೆಲವೊಮ್ಮೆ ಜನರನ್ನೂ ಹೊತ್ತು ಓಡುವ ಟ್ರೇಲರಿನ ಕೊಕ್ಕೆಗೆ ಅದು ನಡೆಯುವುದಿಲ್ಲ. ಅಂಥ ಕೆಲಸವನ್ನು ತಿಳಿದವರ ಕೈಗೇ ಕೊಡಬೇಕು.

ಇಷ್ಟೆಲ್ಲ ನೋಡಿಯೂ ಕಿಡಿ ನಿಲ್ಲದಿದ್ದರೆ ಮಾತ್ರ ಪೆಟ್ಟಿಗೆಯ ಒಳಗಿನ ಸರದಿ. ಹಳೆಯ ಟ್ರಾನ್ಸ್‌ಫಾರ್ಮರಾದರೆ ಸುಟ್ಟ ವಾಸನೆ, ಕಪ್ಪಾದ ಸುರುಳಿ, ತುಕ್ಕಿಗೆ ಸಿಕ್ಕಿಕೊಂಡ ಕರೆಂಟು ಹೊಂದಿಸುವ ತಿರುಪು. ತಾಮ್ರದ ಸುರುಳಿಯೋ ಅಲ್ಯೂಮಿನಿಯಂ ಸುರುಳಿಯೋ ಎಂಬುದು ಬೆಲೆಯನ್ನೂ ಆಯುಷ್ಯವನ್ನೂ ಹೇಳುತ್ತದೆ. ಹೆಗಲಿಗೆ ತಗುಲಿಹಾಕಬಹುದಾದ ಇನ್ವರ್ಟರ್ ಮಿಷನ್ನಾದರೆ ಹಳ್ಳಿಯ ಧೂಳೇ ಅದರ ಮೊದಲ ಶತ್ರು. ಧೂಳು ಕಟ್ಟಿ, ಫ್ಯಾನು ನಿಂತು, ಶಾಖಕ್ಕೆ ಹೆದರಿ ಹಳದಿ ದೀಪ ಹೊತ್ತಿಸಿ ಕೂರುತ್ತದೆ. ಆದರೆ ಪ್ಲಗ್ಗು ಕಿತ್ತ ಮೇಲೂ ಅದರ ಕೆಪ್ಯಾಸಿಟರುಗಳಲ್ಲಿ 300 ವೋಲ್ಟಿನ ಆಸುಪಾಸು ಉಳಿದಿರಬಹುದು. ಅದನ್ನು ಬಿಚ್ಚುವುದು ಎಲೆಕ್ಟ್ರಾನಿಕ್ಸ್ ಬಲ್ಲವರ ಕೆಲಸ.

ಬೆನಾರ್ಡೋಸ್, ಸ್ಲಾವ್ಯಾನೊವ್, ಕೆಲ್‌ಬೆರ್ಗ್ ಯಾವ ಕ್ರಮದಲ್ಲಿ ಬಂದರೋ ಅದೇ ಕ್ರಮದಲ್ಲಿ ಹುಡುಕಬೇಕು. ಮೊದಲು ಬರುವ ಕರೆಂಟು, ಆಮೇಲೆ ಅದು ಮರಳುವ ದಾರಿ, ಆಮೇಲೆ ರಾಡು, ಕೊನೆಗೆ ಪೆಟ್ಟಿಗೆ. ನಾವು ಸಾಮಾನ್ಯವಾಗಿ ಪೆಟ್ಟಿಗೆಯಿಂದ ಶುರುಮಾಡುತ್ತೇವೆ. ಅದಕ್ಕೇ ಒಂದು ತುಕ್ಕು ಹಿಡಿದ ಕ್ಲ್ಯಾಂಪಿನ ದೆಸೆಯಿಂದ ಚೆನ್ನಾಗಿರುವ ಮಿಷನ್ನು ಗುಜರಿಗೆ ಹೋಗುತ್ತದೆ. ಅಲ್ಲಿ ಅದರ ಸುರುಳಿಯನ್ನು ಕಿತ್ತು, ತಾಮ್ರವನ್ನು ಕೆಜಿ ಲೆಕ್ಕದಲ್ಲಿ ತೂಗುತ್ತಾರೆ.