ಪ್ರಾಣವಾಯುವಿನ ಲೆಕ್ಕ ತಪ್ಪಿದಾಗ

ಚಳಿಗಾಲ ಬಂತೆಂದರೆ ಹುಬ್ಬಳ್ಳಿಯ ಬೀದಿಬದಿಯಲ್ಲಿ ಉಣ್ಣೆಯ ಸ್ವೆಟರುಗಳನ್ನು ಹರಡಿಕೊಂಡು ಕುಳಿತ ಟಿಬೆಟನ್ನರನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಮುಂಡಗೋಡಿನಲ್ಲಿ 1966ರಿಂದ ಅವರ ವಸತಿಯಿದೆ. ಅವರ ಪೂರ್ವಿಕರು ಪ್ರಾಣವಾಯು ವಿರಳವಾದ ಎತ್ತರದ ನಾಡಿನಲ್ಲಿ ಸಾವಿರಾರು ವರ್ಷ ಬಾಳಿದವರು. ಅಂಥ ಎತ್ತರದಲ್ಲಿ ನಮ್ಮಂಥವರಿಗೆ ಕೆಂಪುಕಣಗಳು ಮಿತಿಮೀರಿ ರಕ್ತ ಗಟ್ಟಿಯಾಗುತ್ತದೆ. ಅವರಲ್ಲಿ ಹಾಗಾಗುವುದು ಕಡಿಮೆ. ಪ್ರಾಣವಾಯುವಿನ ಏರಿಳಿತಕ್ಕೆ ಓಗೊಡುವ ಒಂದು ಜೀನಿನ ವ್ಯತ್ಯಾಸವೇ ಇದಕ್ಕೆ ಮುಖ್ಯ ಕಾರಣವೆಂದು 2010ರಲ್ಲಿ ತಿಳಿದುಬಂದಿತು. ಲಗಾಮು ತಪ್ಪಿದರೆ ಅದೇ ಜೀನು ಮೂತ್ರಪಿಂಡದ ಅರ್ಬುದ ರೋಗವನ್ನು ಪೋಷಿಸುತ್ತದೆ. ಆ ಲಗಾಮಿನ ಇತಿಹಾಸವನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ.

1904ರಲ್ಲಿ ಜರ್ಮನಿಯ ನೇತ್ರವೈದ್ಯ ಆಯ್ಗೆನ್ ಫಾನ್ ಹಿಪ್ಪೆಲ್ ಅವರು ಅಕ್ಷಿಪಟಲದಲ್ಲಿ ಬೆಳೆಯುವ ರಕ್ತನಾಳಗಳ ಗಂಟುಗಳನ್ನು ವರ್ಣಿಸಿದರು. 1926ರಲ್ಲಿ ಸ್ವೀಡನ್ನಿನ ಆರ್ವಿಡ್ ಲಿಂಡೌ, ಕಣ್ಣಿನ ಈ ಗಂಟಿಗೂ ಹಿಮ್ಮಿದುಳಿನ ಗಂಟಿಗೂ ನಂಟಿರುವುದನ್ನು ತೋರಿಸಿದರು. ವಂಶಪಾರಂಪರ್ಯವಾಗಿ ಬರುವ ಈ ವಿರಳ ರೋಗಕ್ಕೆ ಇಬ್ಬರ ಹೆಸರೂ ನಿಂತಿತು. ಇಂಥ ಮನೆತನಗಳಲ್ಲಿ ಮೂತ್ರಪಿಂಡದ ಅರ್ಬುದವೂ ಹೆಚ್ಚು. 3ನೆಯ ವರ್ಣತಂತುವಿನಲ್ಲಿರುವ ಇದರ ಮೂಲ ಜೀನು 1993ರಲ್ಲಿ ಪತ್ತೆಯಾಯಿತು; ಅದೇ ವಿ.ಎಚ್.ಎಲ್.

ಅದರ ಕೆಲಸವೇನು? ಪ್ರಾಣವಾಯು ಕಡಿಮೆಯಾದಾಗ ಜೀವಕೋಶದಲ್ಲಿ ‘ಹಿಫ್’ ಎಂಬ ಪ್ರೋಟೀನು ಸಂಗ್ರಹವಾಗಿ, ಹೊಸ ರಕ್ತನಾಳಗಳೂ ಕೆಂಪುಕಣಗಳೂ ಬೆಳೆಯುವಂತೆ ಅಪ್ಪಣೆ ಕೊಡುತ್ತದೆ. ಟಿಬೆಟನ್ನರಲ್ಲಿ ಭಿನ್ನವಾಗಿರುವ ಜೀನು ಈ ಹಿಫ್‌ನ ಒಂದು ಬಗೆಯನ್ನೇ ತಯಾರಿಸುತ್ತದೆ. ಪ್ರಾಣವಾಯು ಸಾಕಷ್ಟಿದ್ದಾಗ ಹಿಫ್‌ನ ಮೇಲೆ ಒಂದು ರಾಸಾಯನಿಕ ಗುರುತು ಬೀಳುತ್ತದೆ, ವಿ.ಎಚ್.ಎಲ್. ಆ ಗುರುತನ್ನು ಹಿಡಿದು ಅದನ್ನು ನಾಶಕ್ಕೆ ಒಪ್ಪಿಸುತ್ತದೆ. ಪ್ರಾಣವಾಯುವನ್ನು ಕೋಶ ಅರಿಯುವ ಈ ರೀತಿಯನ್ನು ಬಿಡಿಸಿದ ಅಮೆರಿಕದ ಗ್ರೆಗ್ ಸೆಮೆನ್ಜಾ, ವಿಲಿಯಂ ಕೇಲಿನ್, ಇಂಗ್ಲೆಂಡಿನ ಪೀಟರ್ ರ‍್ಯಾಟ್‌ಕ್ಲಿಫ್ ಅವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ವಿ.ಎಚ್.ಎಲ್. ಕೆಟ್ಟರೆ ಪ್ರಾಣವಾಯು ತುಂಬಿರುವಾಗಲೂ ಕೋಶವು ಉಸಿರುಗಟ್ಟಿದಂತೆ ವರ್ತಿಸುತ್ತದೆ. ಬೇಡದ ರಕ್ತನಾಳಗಳು ಬೆಳೆದು ಗಡ್ಡೆಯನ್ನು ಸಾಕುತ್ತವೆ. ಇದು ಆ ಕೆಲವು ಮನೆತನಗಳ ಕಥೆಯಷ್ಟೇ ಅಲ್ಲ. ಮೂತ್ರಪಿಂಡದ ಅರ್ಬುದಗಳಲ್ಲಿ ಅತಿ ಸಾಮಾನ್ಯವಾದ ಬಗೆಯಲ್ಲಿ, ಕುಟುಂಬದಲ್ಲಿ ರೋಗವೇ ಇಲ್ಲದವರಲ್ಲಿಯೂ, ಬಹುಪಾಲು ಇದೇ ಜೀನು ಕೆಟ್ಟಿರುತ್ತದೆ. 3ನೆಯ ವರ್ಣತಂತುವಿನ ಒಂದು ಭಾಗ ಕಳೆದುಹೋಗುವ ಮೊದಲ ಪೆಟ್ಟು ಅನೇಕ ರೋಗಿಗಳಿಗೆ ಬಾಲ್ಯದಲ್ಲೋ ಹರೆಯದಲ್ಲೋ ಬಿದ್ದಿರುತ್ತದೆಂದು 2018ರ ಸಂಶೋಧನೆ ತೋರಿಸಿತು. ರೋಗ ಕಾಣುವುದು ದಶಕಗಳ ತರುವಾಯ. ಆ ಒಂದು ಪೆಟ್ಟಿನಿಂದಲೇ ಅರ್ಬುದವಾಗದು. ಬೇರೆ ಕೇಡುಗಳೂ ಕೂಡಿಕೊಳ್ಳಬೇಕು. ಆ ನಡುವಣ ಕಾಲವೇ ನಮಗೆ ದೊರೆತ ಅವಕಾಶ.

ಹಿಂದೆ ಇಂಥ ರೋಗವನ್ನು ಮನೆತನದ ಶಾಪವೆಂದು, ಹಣೆಬರಹವೆಂದು ಕೈಚೆಲ್ಲುತ್ತಿದ್ದರು. ಆ ಬರಹವನ್ನು ಓದುವ ವಿದ್ಯೆ ಈಗ ಕೈಗೆ ಬಂದಿದೆ. ಹಿಫ್‌ನ್ನು ತಡೆಯುವ ಔಷಧಕ್ಕೆ 2021ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಆದರೆ ಔಷಧಕ್ಕಿಂತ ಮೊದಲು ಬೇಕಾದುದು ಎಚ್ಚರ. ನೋವಿಲ್ಲದಿದ್ದರೂ ಮೂತ್ರದಲ್ಲಿ ರಕ್ತ ಕಂಡರೆ ಸಂಕೋಚದಿಂದ ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು. ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಈ ರೋಗವಿದ್ದರೆ ಅದನ್ನೂ ಹೇಳಬೇಕು. ತಂಬಾಕನ್ನು ಬಿಡುವುದು, ರಕ್ತದೊತ್ತಡವನ್ನು ಹಿಡಿತದಲ್ಲಿಡುವುದು ನಮ್ಮ ಕೈಯಲ್ಲೇ ಇದೆ. ಕೋಶ ಮೋಸಹೋಗಬಹುದು, ಅದರ ಒಡೆಯರಾದ ನಾವು ಮೈಮರೆಯಬಾರದು.